ಆಕ್ರಮಣ ಯಾರದು? — ಚಾರ್ಲ್ಸ್ ಎಲ್ಟನ್ನರ ಗ್ರಂಥವೊಂದರ ಪುನರ್ವಿಮರ್ಶೆ

ಕೆಲವು ಗ್ರಂಥಗಳು ತಾವು ನಿರೂಪಿಸಿದ ಸಂಗತಿಗಳಿಗಿಂತ ತಾವು ಬಳಕೆಗೆ ತಂದ ಮಾತುಗಳಿಂದಲೇ ಹೆಚ್ಚು ಕಾಲ ಬಾಳುತ್ತವೆ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ (1900–1991) ಅವರು 1958ರಲ್ಲಿ ಪ್ರಕಟಿಸಿದ ‘ದಿ ಇಕಾಲಜಿ ಆಫ್ ಇನ್ವೇಷನ್ಸ್ ಬೈ ಅನಿಮಲ್ಸ್ ಅಂಡ್ ಪ್ಲಾಂಟ್ಸ್’ ಅಂಥ ಒಂದು ಕೃತಿ. ‘ಪ್ರಾಣಿ ಮತ್ತು ಸಸ್ಯಗಳ ಆಕ್ರಮಣದ ಪರಿಸರಶಾಸ್ತ್ರ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. 1957ರಲ್ಲಿ ಬಿ.ಬಿ.ಸಿ. ಬಾನುಲಿಯಲ್ಲಿ ಎಲ್ಟನ್ನರು ನೀಡಿದ ಭಾಷಣಗಳಿಂದ ಬೆಳೆದ ಈ ಪುಸ್ತಕ ಗಾತ್ರದಲ್ಲಿ ಚಿಕ್ಕದು, ಶೈಲಿಯಲ್ಲಿ ಸುಲಭವಾದುದು. ಮೊದಲ ಕೆಲವು ದಶಕಗಳಲ್ಲಿ ಇದನ್ನು ಓದಿದವರು ವಿರಳ. ಅನಂತರ ಒಂದು ಶಾಸ್ತ್ರಶಾಖೆಯೇ ಇದನ್ನು ಮೂಲಗ್ರಂಥವೆಂದು ಅಂಗೀಕರಿಸಿತು. 2000ದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ಇದನ್ನು ಮತ್ತೆ ಅಚ್ಚುಮಾಡಿತು. 2020ರಲ್ಲಿ ಹೊಸ ವಿವರಣೆಗಳೊಡನೆ ಇನ್ನೊಂದು ಆವೃತ್ತಿ ಹೊರಬಂದಿತು. ಇಂದು ಯಾವುದೇ ಕರಾವಳಿಯ ಅಧಿಕಾರಿಯೊಬ್ಬರು ‘ಆಕ್ರಮಣಕಾರಿ ಏಡಿ’ ಎಂದೋ ‘ಆಕ್ರಮಣಕಾರಿ ಬಾರ್ನಕಲ್’ ಎಂದೋ ಬರೆಯುವಾಗ, ಅರಿತೋ ಅರಿಯದೆಯೋ ಎಲ್ಟನ್ನರ ಮಾತನ್ನೇ ಆಡುತ್ತಿರುತ್ತಾರೆ.

ಆ ಮಾತಿನ ಹಿಂದೆ ಲಕ್ಷಾಂತರ ಜೀವಗಳ ವಧೆ ನಡೆಯುತ್ತಿದೆ. ಆದ್ದರಿಂದ ಈ ಗ್ರಂಥವನ್ನು ವಿಜ್ಞಾನದ ಕೃತಿಯಾಗಿ ಮಾತ್ರವಲ್ಲ, ನೀತಿಯ ದೃಷ್ಟಿಯಿಂದಲೂ ಪರಿಶೀಲಿಸುವುದು ಅಗತ್ಯವಾಗಿದೆ.

ಎಲ್ಟನ್ನರು ಪುಸ್ತಕವನ್ನು ಆರಂಭಿಸುವುದೇ ಅಣುಬಾಂಬು ಮತ್ತು ಯುದ್ಧಗಳ ಪ್ರಸ್ತಾಪದಿಂದ. ಮನುಷ್ಯನನ್ನು ಹೆದರಿಸುವ ಸ್ಫೋಟಗಳು ಅವಷ್ಟೇ ಅಲ್ಲ, ಜೀವಲೋಕದಲ್ಲಿಯೂ ಸ್ಫೋಟಗಳುಂಟು ಎಂಬುದು ಅವರ ಪೀಠಿಕೆ. ಮೊದಲ ಅಧ್ಯಾಯದ ಹೆಸರು ‘ಆಕ್ರಮಣಕಾರರು’. ಎರಡು ಮಹಾಯುದ್ಧಗಳನ್ನು ಕಂಡ ತಲೆಮಾರಿನ ಲೇಖಕರಿಂದ ಇಂಥ ಭಾಷೆ ಬಂದುದು ಅಸಹಜವಲ್ಲ. ಎಲ್ಟನ್ನರು ಆಕ್ಸ್‌ಫರ್ಡಿನಲ್ಲಿ 1932ರಲ್ಲಿ ಸ್ಥಾಪಿಸಿದ ಪ್ರಾಣಿಸಂಖ್ಯಾ ಅಧ್ಯಯನ ಸಂಸ್ಥೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶದ ಧಾನ್ಯವನ್ನು ಉಳಿಸುವುದಕ್ಕಾಗಿ ಇಲಿ, ಹೆಗ್ಗಣ, ಮೊಲಗಳ ನಿಯಂತ್ರಣದ ಕೆಲಸಕ್ಕೆ ತೊಡಗಿತ್ತು. ಊಟದ ತಟ್ಟೆಯನ್ನು ಕಾಯುವ ವಿಜ್ಞಾನಿ ಸೈನಿಕನ ಮಾತನ್ನು ಕಲಿತದ್ದು ಅಲ್ಲಿಯೇ ಇರಬೇಕು. ಕಾರಣ ತಿಳಿದರೆ ಮಾತು ಅರ್ಥವಾಗುತ್ತದೆ; ಆದರೆ ಮಾತು ಸರಿಯೇ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ.

ಮೊದಲ ಅಧ್ಯಾಯದಲ್ಲಿ ಬರುವ ನಿದರ್ಶನಗಳಲ್ಲಿ ಒಂದು ಚೀನಾದೇಶದ ಏಡಿಯದು. ಕೊಂಡಿಗಳ ಮೇಲೆ ಕೈಗವಸು ತೊಟ್ಟಂತೆ ದಟ್ಟವಾದ ರೋಮವಿರುವ ಈ ಏಡಿ ನದಿಯಲ್ಲಿ ಬೆಳೆದು, ಸಂತಾನಕ್ಕಾಗಿ ಅಳಿವೆಗೆ ಇಳಿದುಬರುತ್ತದೆ. 1912ರಲ್ಲಿ ಜರ್ಮನಿಯ ಆಲರ್ ನದಿಯಲ್ಲಿ ಅದು ಮೊದಲು ಕಂಡಿತು. ಅನಂತರದ ದಶಕಗಳಲ್ಲಿ ಉತ್ತರ ಯೂರೋಪಿನ ನದಿಗಳನ್ನು ವ್ಯಾಪಿಸಿ, ದಡಗಳಲ್ಲಿ ಬಿಲ ಕೊರೆದು, ಮೀನುಗಾರರ ಬಲೆಗಳನ್ನು ಕತ್ತರಿಸಿ ಬೇಡವಾದ ಪ್ರಾಣಿಯಾಯಿತು. ಹಡಗುಗಳ ನೀರುತೊಟ್ಟಿಗಳಲ್ಲಿ ಅದರ ಮರಿಗಳು ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಇದೇ ಏಡಿ ಚೀನಾದಲ್ಲಿ ಶರತ್ಕಾಲದ ದುಬಾರಿ ಭಕ್ಷ್ಯ. ಒಂದು ತೀರದಲ್ಲಿ ಉಪದ್ರವವೆಂದು, ಇನ್ನೊಂದು ತೀರದಲ್ಲಿ ರುಚಿಯೆಂದು, ಎರಡೂ ಕಡೆ ಅದಕ್ಕೆ ಸಾವೇ ಗತಿ. ಎಲ್ಟನ್ನರ ‘ಆಕ್ರಮಣಕಾರ’ ಎಂಬ ಪದ ಈ ಪ್ರಾಣಿಯ ಯಾವ ಗುಣವನ್ನು ಹೇಳುತ್ತದೆ? ಬಿಲ ತೋಡುವುದು, ತಿನ್ನುವುದು, ಸಂತಾನ ಬೆಳೆಸುವುದು — ಇವು ಅದು ಚೀನಾದಲ್ಲಿಯೂ ಮಾಡುತ್ತಿದ್ದ ಕೆಲಸಗಳೇ. ಬದಲಾದದ್ದು ಏಡಿಯಲ್ಲ, ಅದು ಇರುವ ಸ್ಥಳ. ಆ ಸ್ಥಳವನ್ನು ಬದಲಿಸಿದ್ದು ಏಡಿಯ ಕಾಲುಗಳಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ಬೇರೆಡೆಗೆ ಹೋಗಬೇಕಾಗಿಲ್ಲ. ಎಲ್ಟನ್ನರದೇ ಐದನೆಯ ಅಧ್ಯಾಯ ಅದನ್ನು ಕೊಡುತ್ತದೆ. ‘ಕಡಲಿನಲ್ಲಾದ ಬದಲಾವಣೆಗಳು’ ಎಂಬ ಆ ಅಧ್ಯಾಯ ಪುಸ್ತಕದ ಅತ್ಯುತ್ತಮ ಭಾಗಗಳಲ್ಲೊಂದು. ಅಲ್ಲಿ ಅವರು ಒಂದು ಬಾರ್ನಕಲ್ಲಿನ ಕಥೆಯನ್ನು ಹೇಳುತ್ತಾರೆ. ಬಾರ್ನಕಲ್ ಎಂದರೆ ಉಬ್ಬರವಿಳಿತದ ಬಂಡೆಗಳ ಮೇಲೆ, ಸೇತುವೆಯ ಕಂಬಗಳ ಮೇಲೆ, ದೋಣಿಯ ತಳದಲ್ಲಿ ಬಿಳಿಯ ಒರಟು ಹುಗುಳಿನಂತೆ ಅಂಟಿಕೊಂಡಿರುವ ಚಿಪ್ಪುಜೀವಿ. ನೋಡುವುದಕ್ಕೆ ಕಪ್ಪೆಚಿಪ್ಪಿನ ಬಳಗದಂತಿದ್ದರೂ ಇದು ಏಡಿ–ಸೀಗಡಿಗಳ ಸಂಬಂಧಿ. ಮರಿಯಾಗಿದ್ದಾಗ ಮಾತ್ರ ನೀರಿನಲ್ಲಿ ತೇಲುತ್ತದೆ. ತಕ್ಕ ನೆಲೆ ಸಿಕ್ಕೊಡನೆ ತಲೆಯ ಭಾಗವನ್ನು ಅಂಟಿಸಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಜೀವಮಾನವಿಡೀ ಅಲ್ಲಿಯೇ ಉಳಿಯುತ್ತದೆ. ಕಾಲುಗಳನ್ನು ಬಲೆಯಂತೆ ಬೀಸಿ ನೀರಿನಿಂದ ಆಹಾರವನ್ನು ಸೋಸಿಕೊಳ್ಳುತ್ತದೆ. ಪ್ರಾಣಿಗಳಲ್ಲಿ ಇದಕ್ಕಿಂತ ಸ್ಥಾವರವಾದುದನ್ನು ಹುಡುಕುವುದು ಕಷ್ಟ.

ಎಲ್ಟನ್ನರು ಹೇಳುವ ಬಾರ್ನಕಲ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ತೀರಗಳದು. ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವರು ಚಾರ್ಲ್ಸ್ ಡಾರ್ವಿನ್. ಜೀವವಿಕಾಸದ ಗ್ರಂಥಕ್ಕೆ ಮುನ್ನ ಎಂಟು ವರ್ಷಗಳನ್ನು ಅವರು ಈ ಚಿಪ್ಪುಜೀವಿಗಳ ಅಧ್ಯಯನಕ್ಕೆ ಮೀಸಲಿಟ್ಟಿದ್ದರು. 1854ರಲ್ಲಿ ಅವರು ಕೊಟ್ಟ ಹೆಸರು ‘ಎಲ್ಮಿನಿಯಸ್ ಮೊಡೆಸ್ಟಸ್’; ಇಂದಿನ ವರ್ಗೀಕರಣದಲ್ಲಿ ‘ಆಸ್ಟ್ರೊಮಿನಿಯಸ್ ಮೊಡೆಸ್ಟಸ್’. ಲ್ಯಾಟಿನ್ನಿನಲ್ಲಿ ‘ಮೊಡೆಸ್ಟಸ್’ ಎಂದರೆ ವಿನಯಶಾಲಿ, ಮಿತಿಯರಿತವನು. ಡಾರ್ವಿನ್ನರು ವಿನಯಿ ಎಂದು ಕರೆದ ಜೀವಿ ನೂರು ವರ್ಷ ಕಳೆಯುವಷ್ಟರಲ್ಲಿ ಆಕ್ರಮಣಕಾರರ ಪಟ್ಟಿಗೆ ಸೇರಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನ ದಕ್ಷಿಣತೀರದ ಚಿಚೆಸ್ಟರ್ ಬಂದರಿನಲ್ಲಿ ಅದು ನೆಲೆಯೂರಿತು. ಅಲ್ಲಿನ ಸ್ಥಳೀಯ ಬಾರ್ನಕಲ್ಲಿಗೆ ಚಿಪ್ಪಿನ ಹಲಗೆಗಳು ಆರು, ಇದಕ್ಕೆ ನಾಲ್ಕು. ಆ ಗುರುತಿನಿಂದಲೇ ವಿದ್ವಾಂಸರು ಅದರ ಜಾಡು ಹಿಡಿದರು. ಯುದ್ಧಕಾಲದಲ್ಲಿ ಭೂಮಂಡಲದ ಆಚೆ ತುದಿಯಿಂದ ಬಂದ ಹಡಗುಗಳ ತಳಕ್ಕೆ ಅಂಟಿಕೊಂಡು ಬಂದಿರಬೇಕೆಂಬುದು ಸಾಮಾನ್ಯ ನಿರ್ಣಯ. ಮುಂದಿನ ವರ್ಷಗಳಲ್ಲಿ ಅದು ಹಾಲೆಂಡ್, ಫ್ರಾನ್ಸ್ ತೀರಗಳಲ್ಲಿಯೂ ಕಂಡುಬಂದಿತು; ಸಿಂಪಿಯ ಮರಿಗಳು ನೆಲೆಸಬೇಕಾದ ಜಾಗವನ್ನು ತಾನು ತುಂಬಿಕೊಂಡು ಸಿಂಪಿ ಬೆಳೆಗಾರರಿಗೆ ತಲೆನೋವಾಯಿತು. ಎಲ್ಟನ್ನರ ಗ್ರಂಥ ಹೊರಬಂದ 1958ರಲ್ಲಿಯೇ ಡಿ. ಜೆ. ಕ್ರಿಸ್ಪ್ ಎಂಬ ವಿದ್ವಾಂಸರು ಅದರ ಪ್ರಸಾರವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿ ಎರಡು ಬಗೆಯ ಹರಡುವಿಕೆಯನ್ನು ಬೇರ್ಪಡಿಸಿದರು: ಮರಿಗಳು ನೀರಿನ ಸೆಳೆತದಲ್ಲಿ ತೇಲಿ ಅಂಚಂಚಿಗೆ ಮುಂದುವರಿಯುವುದು ಒಂದು, ಹಡಗು ಹೊತ್ತೊಯ್ದು ದೂರದ ತೀರದಲ್ಲಿ ಇಳಿಸುವುದು ಇನ್ನೊಂದು. ಸಾಗರಗಳನ್ನು ದಾಟಿಸುವುದು ಈ ಎರಡನೆಯದು.

ಇಲ್ಲಿ ಗ್ರಂಥದ ಮಾತಿಗೂ ಗ್ರಂಥದ ಸಂಗತಿಗೂ ನಡುವಣ ಬಿರುಕು ಸ್ಪಷ್ಟವಾಗುತ್ತದೆ. ನಿಜವಾದ ಯುದ್ಧ ನಡೆಯುತ್ತಿತ್ತು, ಅದನ್ನು ಮಾಡುತ್ತಿದ್ದವರು ಮನುಷ್ಯರು, ಹಡಗು ಅವರದು, ಹೊರಟದ್ದೂ ತಲುಪಿದ್ದೂ ಅವರ ಸಂಕಲ್ಪ. ಹಡಗಿನ ತಳಕ್ಕೆ ತಲೆಯನ್ನು ಅಂಟಿಸಿಕೊಂಡು ಕುಳಿತ, ಒಂದಂಗುಲವೂ ಕದಲಲಾರದ ಜೀವಿಗೆ ಮಾತ್ರ ‘ಆಕ್ರಮಣಕಾರ’ ಎಂಬ ಹೆಸರು! ಅದೇ ಅಧ್ಯಾಯದಲ್ಲಿ ಎಲ್ಟನ್ನರು ಇನ್ನೊಂದು ಸತ್ಯವನ್ನೂ ಮರೆಮಾಚದೆ ಹೇಳಿದ್ದಾರೆ: ಕಡಲಿನ ಪ್ರಾಣಿಗಳನ್ನು ಹೊಸ ತೀರಗಳಿಗೆ ಹರಡಿದ ಸಾಧನಗಳಲ್ಲಿ ಸಿಂಪಿ ಬೇಸಾಯದ ವ್ಯಾಪಾರವೇ ಎಲ್ಲಕ್ಕಿಂತ ದೊಡ್ಡದಿರಬೇಕು ಎಂಬುದು ಅವರ ಎಣಿಕೆ. ಅಮೆರಿಕದ ಸಿಂಪಿಗಳೊಡನೆ ಇಂಗ್ಲೆಂಡಿಗೆ ಬಂದ ಶಂಖುಜೀವಿಗಳ ವೃತ್ತಾಂತವನ್ನು ಅವರು ಪೋಣಿಸಿಕೊಟ್ಟಿದ್ದಾರೆ. ಎಂದರೆ, ತಂದವರು ಯಾರೆಂದು ಲೇಖಕರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ವಾಕ್ಯದ ಕರ್ತೃಸ್ಥಾನದಲ್ಲಿ ಪ್ರಾಣಿಯನ್ನೇ ಕೂರಿಸುತ್ತಾರೆ. ಪ್ರಾಣಿ ‘ನುಗ್ಗುತ್ತದೆ’, ‘ಹಿಡಿಯುತ್ತದೆ’, ‘ಗೆಲ್ಲುತ್ತದೆ’. ವ್ಯಾಪಾರಿಯೂ ನಾವಿಕನೂ ವಾಕ್ಯದ ಕೊನೆಯ ವಿಭಕ್ತಿಗೆ ಸರಿಯುತ್ತಾರೆ. ಈ ಗ್ರಂಥದ ಮೇಲೆ ಹೊರಿಸಬಹುದಾದ ಗುರುತರ ಆಕ್ಷೇಪ ಇದು.

ಇದು ಬರಿಯ ವ್ಯಾಕರಣದ ತಕರಾರಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವನ್ನು ಬಲ್ಲ ವಾಚಕರಿಗೆ ಹೆಸರಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕೊಲ್ಲಬೇಕೆಂದು ನಿಶ್ಚಯಿಸಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಗೃಹಸ್ಥನೂ ಅದನ್ನು ಸಂಪೂರ್ಣವಾಗಿ ತೊರೆಯಬೇಕು. ಮೇಲೆ ಬಿದ್ದ ಶತ್ರುವನ್ನು ಎದುರಿಸುವಾಗ ಒದಗುವುದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದರಲ್ಲಿ ಅವಕಾಶವುಂಟು. ಒಂದು ಏಡಿಯನ್ನು ‘ಆಕ್ರಮಣಕಾರಿ’ ಎಂದು ಕರೆದೊಡನೆ ಅದನ್ನು ಹುಡುಕಿ ಹಿಡಿದು ಕೊಲ್ಲುವ ಕೆಲಸ ಸದ್ದಿಲ್ಲದೆ ಮೊದಲನೆಯ ಮನೆಯಿಂದ ನಾಲ್ಕನೆಯ ಮನೆಗೆ ಸಾಗಿಬಿಡುತ್ತದೆ. ಆದರೆ ಸಂಗತಿಯನ್ನು ನೋಡಿದರೆ ಮೂಲವಿರುವುದು ಮೂರನೆಯ ಮನೆಯಲ್ಲಿ, ಅಂದರೆ ಉದ್ಯೋಗದಲ್ಲಿ, ವ್ಯಾಪಾರದಲ್ಲಿ, ಹಡಗಿನ ಸಾಗಾಟದಲ್ಲಿ, ಅಲ್ಲಿ ನಡೆದ ಪ್ರಮಾದದಲ್ಲಿ. ಯುದ್ಧದ ಮಾತು ಆ ಮೂರನೆಯ ಮನೆಯ ಬಾಗಿಲನ್ನು ಮುಚ್ಚುತ್ತದೆ.

ಇಷ್ಟು ಹೇಳಿ, ‘ಹಾಗಾದರೆ ಏಡಿಯನ್ನು ಮುಟ್ಟಬಾರದು’ ಎಂದು ವಿಮರ್ಶೆಯನ್ನು ಮುಗಿಸುವುದು ಸುಲಭ. ಅಂಥ ಸುಲಭದ ಅಹಿಂಸೆಯನ್ನು ಸಂಗತಿಗಳು ಒಪ್ಪುವುದಿಲ್ಲ. ಯೂರೋಪಿನ ಹಸಿರು ಏಡಿಯ ಚರಿತ್ರೆಯನ್ನು ನೋಡಬಹುದು. ಲಿನೇಯಸ್ 1758ರಲ್ಲಿ ಇದಕ್ಕೆ ‘ಮೀನಸ್’ ಎಂದು ಹೆಸರಿಟ್ಟನು. ಗ್ರೀಕ್ ಪುರಾಣದಲ್ಲಿ ಸುರಾದೇವತೆಯ ಆವೇಶ ತುಂಬಿ ಕುಣಿಯುವ ಹೆಂಗಸಿಗೆ ಇರುವ ಹೆಸರು ಅದು. (ಬಾರ್ನಕಲ್ಲಿಗೆ ವಿನಯ, ಏಡಿಗೆ ಉನ್ಮಾದ: ನಾಮಕರಣ ಮಾಡಿದವರ ಮನೋಧರ್ಮವೇ ಜೀವಿಗಳ ಪಾಲಿನ ಜಾತಕವಾಗುವುದು ವಿಚಿತ್ರ.) ಈ ಏಡಿ ಅಮೆರಿಕದ ಪೂರ್ವತೀರದ ಮ್ಯಾಸಚುಸೆಟ್ಸ್‌ನಲ್ಲಿ 1817ರಲ್ಲಿ ದಾಖಲಾಯಿತು. ಪಶ್ಚಿಮ ತೀರದಲ್ಲಿ 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಕಂಡಿತು. 1998ರ ಹೊತ್ತಿಗೆ ವಾಷಿಂಗ್ಟನ್ ರಾಜ್ಯದ ತೀರಕ್ಕೆ ತಲುಪಿತು. 2022ರಲ್ಲಿ ಅಲಾಸ್ಕದಲ್ಲಿಯೂ ಪತ್ತೆಯಾಯಿತು. ಒಂದು ಹೆಣ್ಣು ಒಮ್ಮೆಗೆ 1,85,000ದಷ್ಟು ಮೊಟ್ಟೆಗಳನ್ನು ಹೊರಬಲ್ಲದು. ಮರಿಗಳು ವಾರಗಟ್ಟಲೆ ಕಡಲಿನ ಹರಿವಿನಲ್ಲಿ ತೇಲುತ್ತವೆ. ಬೆಳೆದ ಏಡಿ ಮರಳಿನಲ್ಲಿ ಹುದುಗಿದ ಚಿಪ್ಪುಜೀವಿಗಳನ್ನು ಅಗೆದು ತಿನ್ನುತ್ತದೆ; ಮೀನಿನ ಮರಿಗಳಿಗೆ ಆಶ್ರಯವಾದ ಕಡಲಹುಲ್ಲಿನ ಬೇರುಗಳನ್ನು ಕೀಳುತ್ತದೆ.

ವಾಷಿಂಗ್ಟನ್ ರಾಜ್ಯದ ಲಮ್ಮಿ ಎಂಬ ಮೂಲನಿವಾಸಿ ಜನಾಂಗದವರು ಕಡಲನ್ನೇ ನಂಬಿ ಬಾಳಿದವರು. ಅವರು ಚಿಪ್ಪುಮೀನು ಮತ್ತು ಸಾಲ್ಮನ್ ಮೀನುಗಳನ್ನು ಸಾಕುವ ಕಡಲಕೊಳದಲ್ಲಿ 2021ರಲ್ಲಿ 70,000ಕ್ಕೂ ಹೆಚ್ಚು ಹಸಿರು ಏಡಿಗಳನ್ನು ಬೋನುಗಳಿಂದ ಹಿಡಿದು ತೆಗೆಯಬೇಕಾಯಿತು. ಆ ವರ್ಷದ ನವೆಂಬರಿನಲ್ಲಿ ಲಮ್ಮಿ ಆಡಳಿತ ಮಂಡಲಿ ವಿಪತ್ತನ್ನು ಘೋಷಿಸಿತು. 2022ರ ಜನವರಿಯಲ್ಲಿ ರಾಜ್ಯದ ಗವರ್ನರ್ ಜೇ ಇನ್ಸ್ಲೀ ತುರ್ತುಸ್ಥಿತಿಯ ಆಜ್ಞೆ ಹೊರಡಿಸಿದರು. ಸುಮ್ಮನಿದ್ದರೆ ಸಾಯುವವು ಮರಳಿನೊಳಗಿನ ಚಿಪ್ಪುಜೀವಿಗಳು. ಹಿಡಿದರೆ ಸಾಯುವವು ಏಡಿಗಳು. ಸುಮ್ಮನಿರುವವನ ಕೈ ಶುದ್ಧವಾಗಿಯೇ ಉಳಿಯುತ್ತದೆಂದು ಹೇಳಲಾಗದು. ಹಸಿರು ಏಡಿಯನ್ನು ಆ ಸಾಗರಕ್ಕೆ ತಂದವರು ಲಮ್ಮಿ ಜನರಲ್ಲ. ಅದನ್ನು ತಂದ ವಾಣಿಜ್ಯದ ಲಾಭ ಅವರ ಮನೆಗೆ ಬಂದದ್ದು ಅತ್ಯಲ್ಪ. ತಂದವರಿಗೆ ಲಾಭ ಸಂದಿತು. ದಿನವೂ ಬೋನು ಎತ್ತಿ ಜೀವ ತೆಗೆಯುವ ಕೆಲಸ ಇವರ ಪಾಲಿಗೆ ಬಂದಿತು. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಲ್ಲಿ ಕರ್ಮ ಹರಿಯುತ್ತದೆಂದು ಎಣಿಸುವ ಪರಂಪರೆಯಲ್ಲಿ ಈ ಲೆಕ್ಕವನ್ನು ಬೋನು ಎತ್ತುವವನ ಹೆಸರಿನಲ್ಲಿ ಮಾತ್ರ ಬರೆದು ಮುಚ್ಚುವಂತಿಲ್ಲ. ಎಲ್ಟನ್ನರ ಭಾಷೆಗೆ ಕಾಣದಿದ್ದದ್ದು ಈ ಅನ್ಯಾಯ.

ಯುದ್ಧದ ಮಾತು ನೀತಿಯಲ್ಲಿ ಸೋತರೂ ಕಾರ್ಯದಲ್ಲಾದರೂ ಗೆಲ್ಲುತ್ತದೆಯೇ ಎಂದು ಕೇಳುವವರಿಗೆ ಸೀಡ್ರಿಫ್ಟ್ ಕೊಳದ ವೃತ್ತಾಂತ ಉತ್ತರ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಸ್ಟಿನ್ಸನ್ ಬೀಚ್ ಎಂಬ ಊರಿನ ಈ ಕೃತಕ ಹಿನ್ನೀರಿನಲ್ಲಿ ಹಸಿರು ಏಡಿಯನ್ನು ಪೂರ್ತಿಯಾಗಿ ಇಲ್ಲವಾಗಿಸುವ ಪ್ರಯತ್ನ 2009ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಎಡ್ವಿನ್ ಗ್ರೋಸ್‌ಹಾಲ್ಜ್ ಮತ್ತು ಸಂಗಡಿಗರು ಮೊದಲು ಅಂದಾಜು ಮಾಡಿದ ಏಡಿಗಳ ಸಂಖ್ಯೆ 1,25,000. ವರ್ಷ ವರ್ಷವೂ ಬೋನಿಟ್ಟು ಹಿಡಿದು, 2013ರ ಹೊತ್ತಿಗೆ ಅದನ್ನು 10,000ಕ್ಕಿಂತ ಕೆಳಗಿಳಿಸಿದರು. ಜಯ ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ, 2014ರಲ್ಲಿ ಸಂಖ್ಯೆ ಸುಮಾರು 3,00,000ಕ್ಕೆ ಏರಿತು: ಹಿಂದಿನ ವರ್ಷದ ಮೂವತ್ತು ಪಟ್ಟು, ಮೊದಲಿದ್ದುದರ ಎರಡು ಪಟ್ಟಿಗೂ ಮಿಗಿಲು. ಸುತ್ತಮುತ್ತಲ ಕೊಲ್ಲಿಗಳಲ್ಲಿ ಇಂಥ ಏರಿಕೆ ಕಾಣಲಿಲ್ಲ. ಕಾರಣ ಸರಳವಾಗಿತ್ತು. ದೊಡ್ಡ ಏಡಿಗಳು ತಮ್ಮದೇ ಜಾತಿಯ ಮರಿಗಳನ್ನು ತಿಂದು ಸಂಖ್ಯೆಯನ್ನು ಹಿಡಿತದಲ್ಲಿಟ್ಟಿದ್ದವು; ಬೋನಿಗೆ ಬಿದ್ದವು ದೊಡ್ಡವೇ; ಅವು ಹೋದ ಮೇಲೆ ಮರಿಗಳಿಗೆ ತಡೆಯಿಲ್ಲವಾಯಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅದನ್ನು ಗ್ರೀಕ್ ಪುರಾಣದ ಹಲವು ತಲೆಗಳ ಸರ್ಪ ಹೈಡ್ರಾಕ್ಕೆ ಹೋಲಿಸಿದರು. ಕನ್ನಡದ ವಾಚಕರಿಗೆ ಒಂದೊಂದು ಹನಿ ನೆತ್ತರಿಗೂ ಮತ್ತೊಬ್ಬನಾಗಿ ಏಳುವ ರಕ್ತಬೀಜಾಸುರನ ನೆನಪಾದೀತು.

ಈ ಪ್ರಸಂಗವನ್ನು ಕೊಂದವರಿಗೆ ಪ್ರಕೃತಿ ಕೊಟ್ಟ ಶಿಕ್ಷೆಯೆಂದು ಓದುವುದು ಅತಿರೇಕ. ಆ ವಿಜ್ಞಾನಿಗಳು ತಮ್ಮ ಸೋಲನ್ನು ಮರೆಮಾಚದೆ ಅಳತೆಯೊಡನೆ ಮುಂದಿಟ್ಟದ್ದು ಪ್ರಶಂಸಾರ್ಹ. ಅವರು ತೆಗೆದ ನಿರ್ಣಯವೂ ವಿವೇಕದ್ದು: ಒಂದನ್ನೂ ಉಳಿಸಬಾರದೆಂಬ ಹಟವನ್ನು ಬಿಟ್ಟು, ಸ್ಥಳೀಯ ಜೀವಿಗಳು ಬಾಳುವಷ್ಟಕ್ಕೆ ಸಂಖ್ಯೆಯನ್ನು ಇಳಿಸಿ, ಅಲ್ಲಿಗೆ ನಿಲ್ಲುವುದು. ಆದರೆ ಈ ಮಿತವಾದ ಕ್ರಮಕ್ಕೂ ಇಂಗ್ಲಿಷಿನಲ್ಲಿ ‘ನಿರ್ಮೂಲನ’ ಎಂಬ ಶಬ್ದವನ್ನೇ ಸೇರಿಸಿ ‘ಕಾರ್ಯತಃ ನಿರ್ಮೂಲನ’ ಎಂಬರ್ಥದ ಹೆಸರಿಟ್ಟಿದ್ದಾರೆ. ಬೇರು ಉಳಿಸಬೇಕೆಂದು ಕಲಿತ ಮೇಲೂ ಬಾಯಿಗೆ ಬರುವುದು ಬೇರು ಕೀಳುವ ಮಾತು. ಯುದ್ಧದ ಭಾಷೆ ಅಭ್ಯಾಸವಾದರೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಬಾರ್ನಕಲ್ಲಿನ ವಿಷಯದಲ್ಲಿ ಹೂಡಿದ ಯುದ್ಧದ ಕಥೆ ಇನ್ನೂ ಕಠೋರವಾದುದು. ತಳಕ್ಕೆ ಬಾರ್ನಕಲ್ ಹತ್ತಿದರೆ ಹಡಗಿನ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಆದ್ದರಿಂದ 1960ರ ದಶಕದಿಂದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವನ್ನು ಬೆರೆಸಿದ ಬಣ್ಣವನ್ನು ಹಡಗಿನ ತಳಕ್ಕೆ ಬಳಿಯುವುದು ರೂಢಿಗೆ ಬಂದಿತು. ಬಣ್ಣದಿಂದ ವಿಷ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುಗಡೆಯಾಗಿ, ಅಂಟಲು ಬಂದ ಮರಿಗಳನ್ನು ಕೊಲ್ಲುತ್ತದೆ. ವಿಷ ಅಲ್ಲಿಗೆ ನಿಲ್ಲಲಿಲ್ಲ. 1970ರ ದಶಕದ ಕೊನೆಯ ವೇಳೆಗೆ ಫ್ರಾನ್ಸಿನ ಆರ್ಕಷೋನ್ ಕೊಲ್ಲಿಯಲ್ಲಿ ಸಿಂಪಿಯ ಮರಿಗಳು ನೆಲೆಗೊಳ್ಳದಾದವು, ಬೆಳೆದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು. 1982ರಲ್ಲಿ ಫ್ರಾನ್ಸ್ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು, ಬ್ರಿಟನ್ 1987ರಲ್ಲಿ. ಇಂಗ್ಲೆಂಡಿನ ನೈಋತ್ಯ ತೀರದಲ್ಲಿ ‘ಡಾಗ್‌ವೆಲ್ಕ್’ ಎಂಬ ಶಂಖುಹುಳುವಿನ ಹೆಣ್ಣುಗಳಲ್ಲಿ ಗಂಡಿನ ಲಕ್ಷಣ ಬೆಳೆದು, ಸಂತಾನವೇ ನಿಂತು, ಹಲವು ಬಂಡೆಗಳಿಂದ ಆ ಜೀವಿ ಕಣ್ಮರೆಯಾಯಿತು. ಆ ಶಂಖುಹುಳುವಿನ ಮುಖ್ಯ ಆಹಾರಗಳಲ್ಲೊಂದು ಬಾರ್ನಕಲ್. ಬಾರ್ನಕಲ್ಲನ್ನು ತಡೆಯಲು ಬಳಿದ ವಿಷ ಬಾರ್ನಕಲ್ಲನ್ನು ಹದ್ದಿನಲ್ಲಿಟ್ಟಿದ್ದ ಜೀವಿಯನ್ನೇ ಅಳಿಸಿತು. ಆ ಬಣ್ಣಗಳ ಮೇಲಣ ಅಂತರರಾಷ್ಟ್ರೀಯ ನಿಷೇಧ 2001ರಲ್ಲಿ ಅಂಗೀಕೃತವಾಗಿ 2008ರಲ್ಲಿ ಜಾರಿಗೆ ಬಂದಿತು.

ಎಲ್ಟನ್ನರ ಭಾಷೆಯನ್ನು ವಿಜ್ಞಾನಿಗಳೇ ಪ್ರಶ್ನಿಸಿದ್ದುಂಟು. 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಹದಿನೆಂಟು ಸಹಲೇಖಕರು ‘ನೇಚರ್’ ಪತ್ರಿಕೆಯಲ್ಲಿ, ಜೀವಿಯನ್ನು ಅದರ ಮೂಲಸ್ಥಾನದಿಂದಲ್ಲ, ಅದು ಮಾಡುವ ಕೆಲಸದಿಂದ ಅಳೆಯಬೇಕೆಂದು ವಾದಿಸಿದರು. ಅದಕ್ಕೆ ಪ್ರತಿಯಾಗಿ ಡೇನಿಯಲ್ ಸಿಂಬರ್ಲಾಫ್ ಅವರ ಮುಂದಾಳ್ತನದಲ್ಲಿ 141 ವಿಜ್ಞಾನಿಗಳು ಆಕ್ಷೇಪ ಬರೆದರು. ಹಾನಿ ಕಾಣಿಸುವ ಹೊತ್ತಿಗೆ ಕಾಲ ಮೀರಿರುತ್ತದೆಂಬುದು ಅವರ ಕಾಳಜಿ. ಎರಡು ಪಕ್ಷಗಳಲ್ಲಿಯೂ ತಥ್ಯವಿದೆ. ಆದರೂ ವಿವಾದ ಸುತ್ತಿದ್ದು ಬಂದ ಜೀವಿಯ ಸುತ್ತಲೇ: ಅದು ಒಳ್ಳೆಯದೋ ಕೆಟ್ಟದ್ದೋ, ಇರಲೋ ಬೇಡವೋ. ಆಪಾದಿತನ ಕಟ್ಟೆಯಲ್ಲಿ ನಿಂತದ್ದು ಇಲ್ಲಿಯೂ ಏಡಿಯೇ.

ಈ ವಿಷಯದಲ್ಲಿ ಹಳ್ಳಿಯ ಕನ್ನಡ ವಿದ್ವಾಂಸರ ಇಂಗ್ಲಿಷಿಗಿಂತ ಚುರುಕಾಗಿದೆ ಎನ್ನಬೇಕು. ಅಮೆರಿಕ ಖಂಡದಿಂದ ಬಂದು ಹೊಲ ಬೀದಿಗಳನ್ನೆಲ್ಲ ತುಂಬಿದ ಪಾರ್ಥೇನಿಯಂ ಕಳೆಯನ್ನು ರೈತರು ‘ಕಾಂಗ್ರೆಸ್ ಗಿಡ’ ಎಂದರು. ಬಿಳಿಯ ಹೂವು ಬಿಳಿಯ ಟೋಪಿಯಂತೆ ಕಂಡದ್ದರಿಂದ ಆ ಹೆಸರು ಎನ್ನುವವರಿದ್ದಾರೆ; ಅಂದಿನ ಸರ್ಕಾರ ತರಿಸಿದ ಗೋಧಿಯೊಡನೆ ಬಂತೆಂಬ ನಂಬಿಕೆಯಿಂದ ಎನ್ನುವವರೂ ಇದ್ದಾರೆ. ಎರಡನೆಯದು ನಿಜವಾದರೆ, ಆ ಹೆಸರು ಗಿಡವನ್ನು ಬಯ್ಯುವುದಿಲ್ಲ, ತಂದವರನ್ನು ಕರೆದು ನಿಲ್ಲಿಸುತ್ತದೆ. ‘ಆಕ್ರಮಣಕಾರಿ ಪ್ರಭೇದ’ ಎಂದು ಪಠ್ಯಪುಸ್ತಕಗಳು ಭಾಷಾಂತರಿಸುವ ಮುನ್ನ ಈ ವಿವೇಕವನ್ನು ಗಮನಿಸಬಹುದಿತ್ತು. ‘ವಲಸೆ’ ಎನ್ನುವುದೂ ಸಲ್ಲದು. ವಲಸೆ ಹೋಗುವವನು ತಾನಾಗಿ ಹೊರಟವನು. ಬಾರ್ನಕಲ್ಲು ತಂದುಹಾಕಲ್ಪಟ್ಟ ಜೀವಿ.

ಹೀಗೆಲ್ಲ ಆಕ್ಷೇಪಿಸಿದ ಮೇಲೂ ಈ ಗ್ರಂಥವನ್ನು ಕೆಳಗಿಡಲು ಮನಸ್ಸು ಬಾರದು. ಅದಕ್ಕೆ ಕಾರಣ ಎಂಟನೆಯ ಅಧ್ಯಾಯ. ಜೀವಸಂಪತ್ತನ್ನು ಏಕೆ ಕಾಪಾಡಬೇಕು ಎಂಬ ಪ್ರಶ್ನೆಗೆ ಎಲ್ಟನ್ನರು ಅಲ್ಲಿ ಮೂರು ಕಾರಣಗಳನ್ನು ಕೊಡುತ್ತಾರೆ. ಎರಡನೆಯದು ಸೌಂದರ್ಯ ಮತ್ತು ಜ್ಞಾನದ ಕಾರಣ, ಮೂರನೆಯದು ಪ್ರಯೋಜನದ ಕಾರಣ. ಮೊದಲನೆಯದನ್ನು ಅವರು ಧಾರ್ಮಿಕವೆಂದು ಕರೆಯುತ್ತಾರೆ. ಪ್ರಾಣಿಗಳಿಗೂ ಬಾಳುವ ಹಕ್ಕಿದೆ, ಅವುಗಳನ್ನು ಅವುಗಳ ಪಾಡಿಗೆ ಬಿಡಬೇಕು, ಕಡೆಯ ಪಕ್ಷ ಪೀಡಿಸಬಾರದು ಎಂದು ನಂಬುವ ಲಕ್ಷಾಂತರ ಜನ ಲೋಕದಲ್ಲಿದ್ದಾರೆ. ಸಾಮಾನ್ಯವಾಗಿ ಮೊದಲು ಹೇಳದ ಈ ಕಾರಣವೇ ನಿಜಕ್ಕೂ ಮೊದಲನೆಯದು ಎಂಬ ಆಶಯ ಅಲ್ಲಿದೆ. ಇಲಿ ಹೆಗ್ಗಣಗಳ ನಿಯಂತ್ರಣದಲ್ಲಿ ಯುದ್ಧದ ವರ್ಷಗಳನ್ನು ಕಳೆದ ಆಂಗ್ಲ ವಿಜ್ಞಾನಿಯೊಬ್ಬರು 1958ರಲ್ಲಿ ಇದನ್ನು ಮೊದಲ ಸ್ಥಾನದಲ್ಲಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಕೊನೆಯ ಅಧ್ಯಾಯದಲ್ಲಿ ಅವರು ಸೂಚಿಸುವ ಪರಿಹಾರವೂ ಸಮರವಲ್ಲ. ಬೇಲಿಸಾಲುಗಳು, ರಸ್ತೆಯಂಚಿನ ಹುಲ್ಲು, ಮಿಶ್ರವಾದ ಸಸ್ಯಸಮೂಹ — ಇವುಗಳ ವೈವಿಧ್ಯವನ್ನು ಉಳಿಸಿದರೆ ಯಾವ ಒಂದು ಜೀವಿಯೂ ಮಿತಿಮೀರದು ಎಂಬುದು ಅವರ ನಂಬಿಕೆ.

ಕೊರತೆಯೆಂದರೆ, ಎಂಟನೆಯ ಅಧ್ಯಾಯದ ಎಲ್ಟನ್ ಹಿಂತಿರುಗಿ ಬಂದು ಮೊದಲನೆಯ ಅಧ್ಯಾಯವನ್ನು ತಿದ್ದಲಿಲ್ಲ. ಬಾಳುವ ಹಕ್ಕಿರುವ ಪ್ರಾಣಿ ತಪ್ಪು ತೀರದಲ್ಲಿದ್ದಾಗ ಆ ಹಕ್ಕು ಏನಾಗುತ್ತದೆ? ಆ ಪ್ರಶ್ನೆ ಎರಡು ಅಧ್ಯಾಯಗಳ ನಡುವೆ ಅನಾಥವಾಗಿ ಬಿದ್ದಿದೆ. ಅನುಯಾಯಿಗಳು ಮೊದಲನೆಯದನ್ನು ಕಂಠಪಾಠ ಮಾಡಿದರು. ಎಂಟನೆಯದನ್ನು ಗೌರವದಿಂದ ದಾಟಿಹೋದರು.

ಎಲ್ಟನ್ನರ ಐದನೆಯ ಅಧ್ಯಾಯದ ನಿಜವಾದ ಉತ್ತರಾಧಿಕಾರಿಯನ್ನು ಜೀವಶಾಸ್ತ್ರದ ಗ್ರಂಥಗಳಲ್ಲಲ್ಲ, ಹಡಗಿನ ಕಾನೂನಿನಲ್ಲಿ ಹುಡುಕಬೇಕು. ಸರಕಿಲ್ಲದೆ ಹೊರಡುವ ಹಡಗು ಸಮತೋಲಕ್ಕಾಗಿ ಹೊರಟ ಬಂದರಿನ ಸಮುದ್ರಜಲವನ್ನು ತೊಟ್ಟಿಗಳಲ್ಲಿ ತುಂಬಿಕೊಳ್ಳುತ್ತದೆ. ಸರಕು ತುಂಬುವ ಬಂದರಿನಲ್ಲಿ ಅದನ್ನು ಹೊರಚೆಲ್ಲುತ್ತದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವವರೆಗೂ ಅಲ್ಲಿಯ ಅದಿರನ್ನು ಒಯ್ಯಲು ಮಂಗಳೂರಿನ ಹೊಸ ಬಂದರಿಗೆ ‘ಖಾಲಿ’ ಬರುತ್ತಿದ್ದ ಹಡಗುಗಳೂ ಈ ಅರ್ಥದಲ್ಲಿ ಖಾಲಿಯಾಗಿರಲಿಲ್ಲ. ಲೋಕದ ವಾಣಿಜ್ಯ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕಡಲಿನ ಮೇಲೆಯೇ ಸಾಗುತ್ತದೆ. ಅಂಗಡಿಯಿಟ್ಟ ಮನೆತನವಾಗಲಿ, ದೇಗುಲದ ಉಗ್ರಾಣವಾಗಲಿ ಅದರಿಂದ ಹೊರತಲ್ಲ. ಈ ನೀರನ್ನು ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆ 2004ರಲ್ಲಿ ಅಂಗೀಕೃತವಾಯಿತು. ಜಾರಿಗೆ ಬರಲು 2017ರ ಸೆಪ್ಟೆಂಬರ್ ಆಗಬೇಕಾಯಿತು. ಅದರ ವಾಕ್ಯಗಳಲ್ಲಿ ಕರ್ತೃ ಏಡಿಯಲ್ಲ, ಹಡಗು. ಶುದ್ಧೀಕರಣದ ನಿಯಮ 2024ರ ಸೆಪ್ಟೆಂಬರಿನಿಂದ ಒಡಂಬಡಿಕೆಗೆ ಒಳಪಟ್ಟ ಹಡಗುಗಳಿಗೆಲ್ಲ ಅನ್ವಯವಾಗಿದೆ: ಹೊರಬಿಡುವ ನೀರಿನ ಪ್ರತಿ ಘನಮೀಟರಿನಲ್ಲಿ ನಿಗದಿತ ಗಾತ್ರಕ್ಕೆ ಮೇಲ್ಪಟ್ಟ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಇದನ್ನು ಸಾಧಿಸುವುದು ಶೋಧನೆ, ಅತಿನೇರಳೆ ಕಿರಣ, ಕ್ಲೋರಿನ್‌ಗಳಿಂದ. ತೊಟ್ಟಿಯೊಳಗಿನ ಅಸಂಖ್ಯ ಸೂಕ್ಷ್ಮಜೀವಗಳು ಅಲ್ಲಿಯೇ ಮುಗಿಯುತ್ತವೆ. ಉದ್ಯೋಗೀ ಹಿಂಸೆ ಇಲ್ಲವಾಗುವುದಿಲ್ಲ; ಅದು ತನ್ನ ಹೆಸರಿನಲ್ಲಿ, ತನ್ನ ಖರ್ಚಿನಲ್ಲಿ, ತನ್ನ ಮನೆಯಲ್ಲಿಯೇ ನಡೆಯುತ್ತದೆ.

ಎಲ್ಟನ್ನರ ಬಾರ್ನಕಲ್ ಬಂದದ್ದಾದರೋ ತೊಟ್ಟಿಯ ನೀರಿನಲ್ಲಲ್ಲ, ಹಡಗಿನ ತಳಕ್ಕೆ ಅಂಟಿಕೊಂಡು. ತಳವನ್ನು ಶುಚಿಯಾಗಿಡುವ ಬಗ್ಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2011ರಲ್ಲಿ ಮಾರ್ಗಸೂಚಿ ಹೊರಡಿಸಿ 2023ರಲ್ಲಿ ಅದನ್ನು ಪರಿಷ್ಕರಿಸಿತು. ಅದನ್ನು ಅನುಸರಿಸುವುದು ಬಿಡುವುದು ಹಡಗಿನ ಒಡೆಯನ ಇಚ್ಛೆಗೆ ಸೇರಿದ್ದು.